ಉರಿಯದ ದೀಪದ ದರ್ಬಾರು

ಬೆಂಗಳೂರಿನ ಮತ್ತಿಕೆರೆಯ ಮನೆಗಳ ಷೋಕೇಸಿನಲ್ಲಿ ಮರದ ಪುಟ್ಟ ದೀಪಕ್ಕೆ ಸಿಗುವುದು ಹೊಸ ಅಳಿಯನ ಮರ್ಯಾದೆ: ಕೆಲಸವೇನೂ ಇಲ್ಲ, ಜಾಗ ಮಾತ್ರ ಮುಂದಿನ ಸಾಲಿನಲ್ಲೇ. ಎಣ್ಣೆ ಹಾಕುವಂತಿಲ್ಲ. ಬತ್ತಿ ಹಚ್ಚಿದರೆ ದೀಪದ ಜೊತೆ ಷೋಕೇಸೂ ಬೆಳಗೀತು.

ಇದರ ತವರು ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದ ಚನ್ನಪಟ್ಟಣ. ಅಲ್ಲಿ ಬಿಳಿಯ ಹಾಲೆ ಮರದ ತುಂಡು ಲೇತಿನಲ್ಲಿ ಗಿರಗಿರ ತಿರುಗುತ್ತದೆ. ಉಳಿ ತಾಗಿದೊಡನೆ ಸಿಪ್ಪೆ ಸುರುಳಿ ಸುರುಳಿಯಾಗಿ ಹಾರಿ, ಕಂಬಕ್ಕೆ ಸೊಂಟ, ಬಟ್ಟಲಿಗೆ ಅಂಚು ಮೂಡುತ್ತದೆ. ಆಮೇಲೆ ಬಣ್ಣ. ಕುಂಚವಿಲ್ಲ, ಡಬ್ಬಿಯಿಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರೆ ಸಾಕು, ತಿಕ್ಕಾಟದ ಬಿಸಿಗೆ ಅರಗು ಕರಗಿ ಅಂಟಿಕೊಳ್ಳುತ್ತದೆ. (ತಿಕ್ಕಾಟದಿಂದ ರಂಗೇರುವುದು ಇಲ್ಲಿ ಮತ್ತು ರಾಜಕೀಯದಲ್ಲಿ ಮಾತ್ರ.) ಕೊನೆಗೆ ತಾಳೆಗರಿ ಒತ್ತಿ ಉಜ್ಜಿದರೆ ಮಿರಮಿರ ಮಿಂಚು.

ಲೇತ್ ಎಂದರೆ ಮತ್ತಿಕೆರೆಯ ಹಿರಿಯರಿಗೆ ನೆನಪಾಗುವುದು ಪಕ್ಕದ ಜಾಲಹಳ್ಳಿಯ ಎಚ್‌ಎಂಟಿ. 1953ರಲ್ಲಿ ಸ್ಥಾಪನೆಯಾದ ಆ ಸಂಸ್ಥೆ ಗಡಿಯಾರಕ್ಕೆ ಮೊದಲೇ ಲೇತ್ ತಯಾರಿಸಿತ್ತು. ಕಬ್ಬಿಣದ ಕೆಲಸದಲ್ಲಿ ಕೂದಲೆಳೆ ತಪ್ಪಿದರೂ ಬಿಡಿಭಾಗ ಗುಜರಿಗೆ. ಮರದ ಜೋಡಿ ದೀಪದಲ್ಲಿ ಒಂದು ತುಸು ಕುಳ್ಳಾದರೆ? ಕೈಕೆಲಸ ಅಂದರೆ ಹಾಗೇ ಎಂದು ಗಿರಾಕಿಯೇ ಅಂಗಡಿಯವನಿಗೆ ಸಮಾಧಾನ ಹೇಳುತ್ತಾನೆ.

ಕೊಂಡವರಿಗೆ ಇಷ್ಟೇ ಕಿವಿಮಾತು: ಒದ್ದೆ ಬಟ್ಟೆ ಬೇಡ, ಬಿಸಿಲೂ ಬೇಡ. ಒಣಬಟ್ಟೆಯಲ್ಲಿ ಒರೆಸಿ, ಬೆಳಕು ಬೇಕಾದರೆ ಬ್ಯಾಟರಿ ಬಲ್ಬು ಇಡಿ.