ಬಿಜ್ಜರಗಿಯಲ್ಲಿ ಮುಂಗಾರು ಮಳೆ

ಸಿನಿಮಾ ವಿಮರ್ಶಕರಾಗಬೇಕು ಅನ್ನುವವರು ಮೊದಲು ನಮ್ಮೂರು ಬಿಜ್ಜರಗಿಗೆ ಬಂದು, ನಮ್ಮ ಕಾಕಾನ ಪಕ್ಕ ಕೌದಿ ಹೊದ್ದು ಕೂತು ಒಂದೆರಡು ಸಿನಿಮಾ ನೋಡಬೇಕು. ಛಾಯಾಗ್ರಹಣ, ಸಂಕಲನ ಎಲ್ಲ ಆಮೇಲೆ. ನಾಯಕನ ಹೊಲಕ್ಕೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದ ವಿಮರ್ಶೆಯನ್ನು ನಾನಂತೂ ಯಾವ ಪತ್ರಿಕೆಯಲ್ಲೂ ಓದಿಲ್ಲ.

ಡಿಸೆಂಬರಿನ ಥಂಡಿ. ಶನಿವಾರ, ಭಾನುವಾರ ಸೂಟಿ ಅಂತ ಊರಿಗೆ ಹೋಗಿದ್ದೆ. ರಾತ್ರಿ ರೊಟ್ಟಿ ಊಟ ಮುಗಿಸಿ, ಹುರಿದ ಶೇಂಗಾ ನಡುವೆ ಸುರುವಿಕೊಂಡು, ಮೊಬೈಲನ್ನು ಟಿವಿಗೆ ಜೋಡಿಸಿ ‘ಸಂಪತ್ತಿಗೆ ಸವಾಲ್’ ಹಚ್ಚಿದೆ. 1974ರ ಸಿನಿಮಾ. ಮೂಲ ಪಿ.ಬಿ. ಧುತ್ತರಗಿಯವರ ನಾಟಕ. ಧುತ್ತರಗಿಯವರು ಹುನಗುಂದದ ಕಡೆಯವರು, ಆಗ ಅದೂ ನಮ್ಮ ಬಿಜಾಪುರ ಜಿಲ್ಲೆಯೇ. ಕಂಪನಿ ನಾಟಕ ನೋಡಿ ಬೆಳೆದ ಆಯಿಗೆ ಸಿನಿಮಾ ಸಪ್ಪೆ ಅನಿಸಿತು. ವಜ್ರಮುನಿ ಅಷ್ಟೆಲ್ಲ ಅಬ್ಬರಿಸಿದರೂ, “ನಾಟಕದಾಗಿನ ಸಾವ್ಕಾರ ಇನ್ನೂ ಛಲೋ ಬೈತಿದ್ದ” ಅಂದಳು.

ರಾಜಕುಮಾರ್ ಎಮ್ಮೆಯ ಮೇಲೆ ಕೂತು ಹಾಡುವ ಜಾಗ ಬಂತು. ಅಲ್ಲಿಂದ ಮುಂದೆ ಅಣ್ಣಾವ್ರು ತಮ್ಮ ಹಾಡು ತಾವೇ ಹಾಡತೊಡಗಿದರು, ಕನ್ನಡ ಚಿತ್ರಗೀತೆಯ ದಿಕ್ಕೇ ಬದಲಾಯಿತು ಎಂದೆಲ್ಲ ನಾನು ವಿವರಿಸುತ್ತಿದ್ದೆ.

“ಹಿಂಡತೈತೋ, ಗಬ್ಬ ಐತೋ?” ಎಂದ ಕಾಕಾ.

“ಯಾರು?”

“ಎಮ್ಮಿಲೇ. ಕೋಡ ನೋಡಿದ್ರ ನಮ್ಮ ಪಂಢರಪುರಿ ಅಲ್ಲ ಬಿಡು.”

“ಗಬ್ಬದ ಎಮ್ಮಿ ಮ್ಯಾಲ ಯಾಕ ಕುಂದರ್ತಾನ, ಶಾಣ್ಯಾ ಇದ್ದಾನ” ಎಂದು ಆಯಿ ನಾಯಕನ ಪರ ವಹಿಸಿದಳು. ಹಾಡು ಮುಗಿಯುವವರೆಗೆ ತಾಯಿ ಮಗನ ಚರ್ಚೆ ಕೆಚ್ಚಲಿನ ಸುತ್ತಲೇ ನಡೆಯಿತು. ಕಂಠದ ಬಗ್ಗೆ ಯಾರೂ ಮಾತಾಡಲಿಲ್ಲ.

ಭಾನುವಾರ ಮಧ್ಯಾಹ್ನ ‘ಬಂಗಾರದ ಮನುಷ್ಯ’. 1972ರಲ್ಲಿ ಇದನ್ನು ನೋಡಿ ಪಟ್ಟಣ ಬಿಟ್ಟು ಊರಿಗೆ ಬಂದು ಒಕ್ಕಲುತನ ಹಿಡಿದವರಿದ್ದರಂತೆ ಎಂದೆ. “ಅವ್ರ ಮಕ್ಕಳು ಈಗ ಎಲ್ಲದಾರ ಕೇಳು” ಎಂದ ಕಾಕಾ, ನನ್ನನ್ನೇ ನೋಡುತ್ತ. ನಾಯಕ ರಾಜೀವ ಕಲ್ಲು ಒಡೆಯುವಾಗ ಮಾತ್ರ ಎದ್ದು ಕೂತ. ನಮ್ಮ ತಿಕೋಟಾ ಸೀಮೆಯಲ್ಲಿ ಕಲ್ಲಿನ ಕೆಳಗೆ ಇನ್ನೂ ಕಲ್ಲೇ ಇರುತ್ತದೆ. ಬೋರು ಕೊರೆಸಿದವನ ಮನೆಗೆ ಹೋದರೆ ಕ್ಷೇಮಸಮಾಚಾರಕ್ಕಿಂತ ಮುಂಚೆ ಎಷ್ಟು ಇಂಚು ನೀರು ಬಿತ್ತು ಅಂತಲೇ ಕೇಳುವುದು. ಕೊನೆಗೆ ರಾಜೀವ ಅಕ್ಕನ ಮಗನ ಮಾತಿಗೆ ನೊಂದು, ಉಣ್ಣುವ ಅನ್ನ ಬಿಟ್ಟು, ಬೆಳೆದದ್ದೆಲ್ಲ ಹಿಂದೆ ಹಾಕಿ ನಡೆದೇಬಿಟ್ಟ. ನನ್ನ ಕಣ್ಣು ಒದ್ದೆ.

“ಉತಾರ ಯಾರ ಹೆಸರಿಲೆ ಐತಿ?” ಎಂದ ಕಾಕಾ. ಹೊಲದ ಪಹಣಿ ಯಾರ ಹೆಸರಿನಲ್ಲಿದೆ ಎಂಬುದಕ್ಕೆ ಚಿತ್ರದಲ್ಲಿ ಉತ್ತರವಿಲ್ಲ.

ರಾತ್ರಿ ‘ಮುಂಗಾರು ಮಳೆ’. 2006ರ ಡಿಸೆಂಬರಿನ ಕೊನೆಯಲ್ಲಿ ಬಿಡುಗಡೆಯಾದ ಈ ಚಿತ್ರವನ್ನು ಇಡೀ ಕರ್ನಾಟಕ ಪ್ರೇಮಕಥೆ ಎಂದುಕೊಂಡು ನೋಡಿತು. ಕಾಕಾನಂಥ ದ್ರಾಕ್ಷಿ ಬೆಳೆಗಾರನಿಗೆ ಅದು ಭೂತದ ಸಿನಿಮಾ ಎಂಬುದು ನನಗೆ ಗೊತ್ತಾದದ್ದು ಅವತ್ತೇ. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮುಗಿದು ದ್ರಾಕ್ಷಿ ಪಡದಲ್ಲಿ ಗೊನೆ ಬಿಟ್ಟ ಹೊತ್ತು. ಮೋಡ ಕವಿದರೆ ಸಾಕು, ದಾವಣಿ ರೋಗ ಬಂತೆಂದು ನಸುಕಿಗೇ ಔಷಧ ಹೊಡೆಯಲು ಓಡುವ ಕಾಲ. ಅಂಥದ್ದರಲ್ಲಿ ಟಿವಿ ತುಂಬ ಮಡಿಕೇರಿಯ ಮಳೆ. ಗಣೇಶ್ ಕೈ ಚಾಚಿ ತೋಯಿಸಿಕೊಂಡಷ್ಟೂ ಕಾಕಾ ಕೌದಿಯೊಳಗೆ ಮುದುಡಿದ.

“ಇನ್ನೂ ಎಷ್ಟೊತ್ತ ಹೊಡಿತೈತಿದು?”

“ಹೆಸರೇ ಮುಂಗಾರು ಮಳೆ ಕಾಕಾ.”

“ಮುಂಗಾರಿಗೆ ಬರಲಿ. ಬ್ಯಾಡಂದಾವ್ರು ಯಾರು?”

ಆಯಿಗೆ ಮೊಲದ ಚಿಂತೆ. “ದೇವದಾಸ ಅಂತ ಹೆಸರಿಟ್ಟು ಬಗಲಾಗ ಹಿಡ್ಕೊಂಡು ತಿರಗ್ತಾನ. ಶೇಂಗಾ ಹೊಲಕ್ಕ ನುಗ್ಗಿದ್ರ ಗೊತ್ತಾಕ್ಕಿತ್ತು ಆ ದೇವದಾಸ ಎಂಥವ ಅಂತ.” ಹೀಗಂದರೂ ಅದು ತೆರೆಯ ಮೇಲೆ ಬಂದಾಗಲೆಲ್ಲ ಆಕೆ ಶೇಂಗಾ ತಿನ್ನುವುದನ್ನು ನಿಲ್ಲಿಸುತ್ತಿದ್ದಳು.

ಇನ್ನೇನು ನಾಯಕ ಪ್ರೀತಂ ತನ್ನ ಪ್ರೀತಿಯನ್ನು ಬಿಟ್ಟುಕೊಡಬೇಕು, ಹೊರಗಿನಿಂದ ಯಾರೋ ಕೂಗಿದರು: “ಥ್ರೀ ಫೇಸ್ ಬಂತೋ!” ಕಾಕಾ ತಲೆಗೆ ಟವೆಲ್ಲು ಸುತ್ತಿ, ಬ್ಯಾಟರಿ ಹಿಡಿದು ಮೋಟರು ಚಾಲೂ ಮಾಡಲು ಹೊಲಕ್ಕೆ ಹೋದ. ನಮ್ಮೂರಲ್ಲಿ ಕ್ಲೈಮ್ಯಾಕ್ಸ್ ನೋಡುವ ಗಂಡಸು ಇಲ್ಲವೆಂದೇ ಹೇಳಬೇಕು. ಕಥೆಯ ಕೊನೆ ಹೆಂಗಸರಿಂದಲೇ ತಿಳಿಯಬೇಕು.

ಮುಂಜಾನೆ ಕಾಕಾ ಚಹಾ ಬಟ್ಟಲು ಹಿಡಿದು ಕೂತು, “ಆಮ್ಯಾಲ ಏನಾತ ಯವ್ವಾ?” ಎಂದ.

“ಹುಡುಗಿ ಮದಿವಿ ಬ್ಯಾರೆದವನ ಕೂಡ ಆತು. ಮೊಲ ಸತ್ತ ಹೋತು. ಪಾಪ, ಹುಡುಗ ಭಾಳ ಅತ್ತ.”

ಕಾಕಾ ಒಂದು ಗುಟುಕು ಕುಡಿದ. “ಅದಿರಲಿ, ಮಳಿ ನಿಂತಿತೋ ಇಲ್ಲೋ?”