ಗಿಮಿಕ್ ರಾಯರು

ಜಾದೂ ಮಾಡುವವರಲ್ಲಿ ಎರಡು ಪಂಗಡ. ಕೈಚಳಕ ಕಲಿತು ಮಾಡುವವರು ಒಂದು, ಗಿಮಿಕ್, ಅಂದರೆ ಒಳಗೇ ಯುಕ್ತಿ ಅಡಗಿಸಿದ ಸಾಮಾನು, ಕೊಂಡು ಮಾಡುವವರು ಇನ್ನೊಂದು. ನಮ್ಮ ರಾಯರು ಎರಡಕ್ಕೂ ಸೇರಿದವರಲ್ಲ. ಅವರು ಗಿಮಿಕ್ ಕೊಂಡು ಅದಕ್ಕೆ ಅಂಕ ಹಾಕುವವರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಮೈಸೂರಿನ ಅವರ ಮನೆಯ ಬೀರುವಿನಲ್ಲಿ ಪಂಚೆ ಶಲ್ಯಗಳಿಗೆ ಜಾಗವಿಲ್ಲ, ಅಲ್ಲೆಲ್ಲ ಇಸ್ಪೀಟ್ ಕಟ್ಟುಗಳು. ಅಷ್ಟಿದ್ದರೂ ಸಂಜೆ ನಾಲ್ಕು ಜನ ಸೇರಿ ರಮ್ಮಿ ಆಡೋಣವೆಂದರೆ ಉಪಯೋಗಕ್ಕೆ ಬರುವಂಥ ಕಟ್ಟು ಒಂದೂ ಇಲ್ಲ. ಒಂದರಲ್ಲಿ ಅರ್ಧಕ್ಕರ್ಧ ಆಟೀನ್ ರಾಣಿಯರು, ಇನ್ನೊಂದರಲ್ಲಿ ಎಲೆಯ ಎರಡೂ ಕಡೆ ಬೆನ್ನು, ಮತ್ತೊಂದರಲ್ಲಿ ಎರಡೂ ಕಡೆ ಮುಖ.

ಮದುವೆಮನೆ, ಹುಟ್ಟುಹಬ್ಬಗಳಲ್ಲಿ ಷೋ ಕೊಡಲು ಹೊರಟ ಹುಡುಗರು ಹೊಸ ಗಿಮಿಕ್ ತರಿಸಿದರೆ ಮೊದಲು ರಾಯರ ಬಾಗಿಲು ತಟ್ಟುತ್ತಾರೆ.

"ಸಾರ್, ಮಾರುವವರ ಟ್ರೇಲರ್ ನೋಡಿ ಬೆರಗಾಗಿಬಿಟ್ಟೆ."

"ಅದರಲ್ಲಿ ಕೈ ಎಷ್ಟು ಹೊತ್ತು ಕಂಡಿತಪ್ಪ? ಜನ ಚೀರೋದು ಎಷ್ಟು ಹೊತ್ತು ಕಂಡಿತು?"

"ಚೀರೋದೇ ಜಾಸ್ತಿ ಸಾರ್."

"ಹಾಗಾದರೆ ನೀನು ದುಡ್ಡು ಕೊಟ್ಟಿದ್ದು ಚೀರಾಟಕ್ಕೆ. ತಾ ಇಲ್ಲಿ."

ಮುಂದಿನದು ಪರೀಕ್ಷೆ. ರಾಯರು ಕಟ್ಟನ್ನು ಮೊದಲು ಮೂಸುತ್ತಾರೆ. ಯಾಕೆಂದು ಕೇಳುವ ಧೈರ್ಯ ಯಾರಿಗೂ ಬಂದಿಲ್ಲ. ಆಮೇಲೆ ಕಿವಿಯ ಹತ್ತಿರ ಹಿಡಿದು ಹೆಬ್ಬೆರಳಿನಿಂದ ಎಲೆಗಳನ್ನು ಸರ್ರೆಂದು ಬಿಡುತ್ತಾರೆ. ತುದಿ ಕತ್ತರಿಸಿ ಎಲೆ ಗಿಡ್ಡ ಮಾಡಿದ್ದರೆ ಸದ್ದು ಬೇರೆಯಂತೆ. ಟ್ಯೂಬ್‌ಲೈಟಿಗೆ ಅಡ್ಡ ಹಿಡಿದು ದಪ್ಪ ನೋಡುತ್ತಾರೆ. ಕೊನೆಗೆ ಭೂತಗನ್ನಡಿ ಕೆಳಗಿಟ್ಟು ವಂಶಾವಳಿ ಬಿಚ್ಚುತ್ತಾರೆ: "ಪ್ರೇಕ್ಷಕ ಬಾಯಿಗೆ ಬಂದ ಎಲೆ ಹೇಳ್ತಾನೆ, ಕಟ್ಟು ಬಿಡಿಸಿದರೆ ಅದೊಂದೇ ಮಗುಚಿಕೊಂಡಿರುತ್ತೆ, ಅಷ್ಟೇ ತಾನೆ? ಇನ್ವಿಸಿಬಲ್ ಡೆಕ್ ಕಣಯ್ಯ. 1936ರಲ್ಲೇ ಜೋ ಬರ್ಗ್ ಇದನ್ನ ಅಲ್ಟ್ರಾ ಮೆಂಟಲ್ ಅಂತ ತಂದಿದ್ದ. 1938ರಲ್ಲಿ ಡಾಯ್ ವರ್ನನ್‌ನ ಬ್ರೈನ್‌ವೇವ್ ಬಂತು. ನಿನಗೆ ಸಿಕ್ಕಿರೋದು ಮುತ್ತಾತನ ಮಾಲು, ಡಬ್ಬಿ ಮಾತ್ರ ಹೊಸದು."

ರಾಯರ ಅಂಕಗಳೆಲ್ಲ ಒಂದು ಲೆಡ್ಜರಿನಲ್ಲಿವೆ. ಬ್ಯಾಂಕಿನ ಅಭ್ಯಾಸ, ಕಾಲಂ ಎಳೆಯದೆ ಅವರಿಗೆ ಯೋಚನೆ ಬರುವುದಿಲ್ಲ. ಮೊದಲ ಕಾಲಂ, ಆಟ ಮುಗಿದ ಮೇಲೆ ಕಟ್ಟನ್ನು ಪ್ರೇಕ್ಷಕರ ಕೈಗೆ ಕೊಡಬಹುದೆ? ಎರಡನೆಯದು ಆಂಗಲ್. ನಮ್ಮ ಛತ್ರಗಳಲ್ಲಿ ಜನ ಎದುರಿಗೆ ಮಾತ್ರ ಕೂರುವುದಿಲ್ಲ. ಮಕ್ಕಳಂತೂ ಜಾದೂಗಾರನ ಬೆನ್ನಿಗೇ ಅಂಟಿಕೊಂಡಿರುತ್ತವೆ. ಮೂರನೆಯದು ರೀಸೆಟ್. ಒಂದು ಟೇಬಲ್ ಮುಗಿಸಿ ಮುಂದಿನ ಟೇಬಲ್ಲಿಗೆ ಹೋಗುವಷ್ಟರಲ್ಲಿ ಕಟ್ಟು ಮತ್ತೆ ಸಿದ್ಧವಾಗಬೇಕು. ಅದಕ್ಕಾಗಿ ಬಚ್ಚಲುಮನೆಗೆ ಓಡುವ ಹಾಗಿದ್ದರೆ ಸೊನ್ನೆ. ನಾಲ್ಕನೆಯದು ಬಾಳಿಕೆ. ಒಂದಕ್ಕೊಂದು ಹಿಡಿದುಕೊಳ್ಳಲೆಂದು ಬೆನ್ನಿಗೆ ದ್ರಾವಣ ಸವರಿದ ಎಲೆಗಳು ಬಳಸುತ್ತಾ ಬಳಸುತ್ತಾ ಸವೆಯುತ್ತವೆ. ಮಂಗಳೂರಿನ ಮಳೆಗಾಲದಲ್ಲಿ ಕಾಗದದ ಎಲೆ ತೇವ ಕುಡಿದು ಹಪ್ಪಳದಂತೆ ಬಾಗುತ್ತದೆ.

ಐದನೆಯ ಕಾಲಂ ರಾಯರ ಸ್ವಂತದ್ದು, ಹೆಸರು 'ಬೆನ್ನು'. ಗಿಮಿಕ್ ಎಲೆಗಳಲ್ಲಿ ಬಹಳಷ್ಟು ಬರುವುದು ಬೈಸಿಕಲ್ ಬ್ರ್ಯಾಂಡಿನ ಬೆನ್ನಿನಲ್ಲಿ. 1885ರಿಂದ ಅಮೆರಿಕದಲ್ಲಿ ಮಾರಾಟವಾಗುತ್ತಿರುವ ಎಲೆ ಅದು. ಅಲ್ಲಿನವರಿಗೆ ಮನೆಮನೆಯ ವಸ್ತು, ಕಂಡರೆ ಯಾರಿಗೂ ಅನುಮಾನವಿಲ್ಲ. ನಮ್ಮಲ್ಲಿ ಪ್ಲಾಸ್ಟಿಕ್ ಎಲೆಯಲ್ಲಿ ರಮ್ಮಿ ಆಡಿ ಪಳಗಿದವರು ಅದನ್ನು ಕಂಡೊಡನೆ, "ಓಹೋ, ಫಾರಿನ್ ಕಟ್ಟು, ಏನೋ ಇದೆ" ಎನ್ನುತ್ತಾರೆ. ಸಾಮಾನ್ಯವಾಗಿ ಕಾಣಲೆಂದು ಮಾಡಿದ್ದೇ ಇಲ್ಲಿ ಎದ್ದು ಕಾಣುತ್ತದೆ. ಇದು ಯಾವ ಟ್ರೇಲರಿನಲ್ಲೂ ಸಿಗದ ಮಾತು, ಇದಕ್ಕಾಗಿಯಾದರೂ ರಾಯರಿಗೆ ಕೈ ಮುಗಿಯಬೇಕು. "ಹಾಗಾದರೆ ನಮ್ಮ ಮೈಸೂರು ಗಂಜೀಫಾದಲ್ಲೇ ಗಿಮಿಕ್ ಮಾಡಿಸೋಣ ಸಾರ್" ಎಂದು ಹುಡುಗನೊಬ್ಬ ಉತ್ಸಾಹ ತೋರಿದ್ದ. "ಅದು ದುಂಡಗಿರುತ್ತಪ್ಪ, ಯಾವ ತುದಿ ಕತ್ತರಿಸ್ತೀಯ?" ಎಂದು ರಾಯರು ಅಲ್ಲಿಗೇ ಮುಗಿಸಿದರು.

ಇಷ್ಟೆಲ್ಲ ತಿಳಿದವರು ಪ್ರಯೋಗ ಮಾಡುವುದು ಮಾತ್ರ ಮನೆಯಾಕೆಯ ಮೇಲೆ. ಆಕೆ ಹುರುಳಿಕಾಯಿ ಸೋಸುತ್ತಿರುವಾಗ ಕಟ್ಟು ಬಿಚ್ಚಿ ಮೂಗಿನ ಹತ್ತಿರ ಹಿಡಿಯುತ್ತಾರೆ.

"ಒಂದು ಎಲೆ ತೆಗಿ. ನನಗೆ ತೋರಿಸಬೇಡ."

ಆಕೆ ಎಡಗೈಯಲ್ಲಿ ಒಂದನ್ನು ಎಳೆದು, ನೋಡದೆ ಸೆರಗಿನ ಕೆಳಗೆ ಇಟ್ಟು, ನಾರು ತೆಗೆಯುವುದನ್ನು ಮುಂದುವರಿಸುತ್ತಾರೆ.

"ನೋಡಬೇಕು ಕಣೇ!"

"ನೋಡೋದೇನ್ರೀ? ಆಟೀನ್ ರಾಣಿ. ಹಬ್ಬಕ್ಕೆ ಮುಂಚೆ ತರಿಸಿದ್ದರಲ್ಲಿ ಕಳಾವರ್ ಗುಲಾಮ ಇದ್ದ. ಹಾಲು ಉಕ್ಕುತ್ತೆ, ಸ್ವಲ್ಪ ಒಲೆ ಆರಿಸಿ."

ರಾಯರು ಒಲೆ ಆರಿಸಿ ಬಂದು ಲೆಡ್ಜರಿನಲ್ಲಿ ಬರೆಯುತ್ತಾರೆ: 'ಪ್ರೇಕ್ಷಕರ ಸಹಕಾರ ಸಾಲದು.'

ಜನರ ಮುಂದೆ ನಿಂತಾಗ ಇನ್ನೂ ಕಷ್ಟ. ನಂಟರ ಮನೆಯ ನಾಮಕರಣದಲ್ಲಿ ಒತ್ತಾಯಕ್ಕೆ ಎದ್ದರೆನ್ನಿ, ಮುಂದಿನ ಸಾಲಿನಲ್ಲಿ ಕ್ಲಬ್ಬಿನ ರಮ್ಮಿ ಮಾವ ಒಬ್ಬರು ಇದ್ದೇ ಇರುತ್ತಾರೆ. "ಕೊಡಿ ರಾಯರೇ, ನಾನೊಂದ್ಸಲ ಕಲಸ್ತೀನಿ" ಎಂದು ಕೈ ಚಾಚುತ್ತಾರೆ. ನಿಜವಾದ ಜಾದೂಗಾರನಾಗಿದ್ದರೆ ನಕ್ಕು, ಇನ್ನೊಂದು ಮಾತಾಡಿ, ಅವರ ಕೈಗೆ ಪೆನ್ನೋ ಕರ್ಚೀಫೋ ಕೊಟ್ಟು ಮುಂದೆ ಸಾಗುತ್ತಿದ್ದ. ರಾಯರು ಕಟ್ಟನ್ನು ಎದೆಗೆ ಅವುಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಆಟದ ಗುಟ್ಟು ಅಲ್ಲಿಗೆ ಅರ್ಧ ಬಯಲು. ಉಳಿದರ್ಧವನ್ನು ಬೆನ್ನ ಹಿಂದೆ ನಿಂತ ಮಗು ಕೂಗಿ ಹೇಳುತ್ತದೆ.

ತಮಾಷೆಯೆಂದರೆ, ರಾಯರು ಅಂಕ ಹಾಕಿದ ಅದೇ ಗಿಮಿಕ್ ಹಿಡಿದು, ಟ್ರೇಲರ್ ನೋಡಿ ಬೆರಗಾಗಿದ್ದ ಹುಡುಗ ಮದುವೆ ಆರತಕ್ಷತೆಯಲ್ಲಿ ಟೇಬಲ್ಲಿನಿಂದ ಟೇಬಲ್ಲಿಗೆ ಹೋಗಿ ಚಪ್ಪಾಳೆ ಗಿಟ್ಟಿಸುತ್ತಾನೆ. ಅವನ ಹತ್ತಿರ ಇರುವುದು ಅದೊಂದೇ. ಬೇರೆ ಕೊಳ್ಳಲು ದುಡ್ಡಿಲ್ಲ, ಹಾಗಾಗಿ ದಿನವೂ ಅದನ್ನೇ ಮಾಡಿ, ಮದುಮಗಳ ಕಡೆಯವರಿಗೆ ಒಂದು ಮಾತು, ಮದುಮಗನ ಕಡೆಯವರಿಗೆ ಇನ್ನೊಂದು ಮಾತು ಕಟ್ಟಿಕೊಂಡಿದ್ದಾನೆ. ಜನ ಅವನ ಮುಖ ನೋಡಿ ನಗುತ್ತಾರೆ, ಕಟ್ಟಿನ ಬೆನ್ನು ನೋಡುವ ಬಿಡುವು ಯಾರಿಗೂ ಇಲ್ಲ. ಐದೂ ಕಾಲಮ್ಮುಗಳಲ್ಲಿ ಅರೆಬರೆ ಅಂಕ ಪಡೆದ ಗಿಮಿಕ್ಕು ಅಲ್ಲಿ ಪಾಸಾಗುತ್ತದೆ. ರಾಯರ ಅಂಕಗಳು ತಪ್ಪೆಂದಲ್ಲ. ಮಾತಿಗೆ ಅವರು ಕಾಲಂ ಎಳೆದಿಲ್ಲ, ಅಷ್ಟೆ.

ಆದ್ದರಿಂದ ಷೋ ಕೊಡುವ ಹುಡುಗರೇ, ಕೊಳ್ಳುವ ಮುಂಚೆ ರಾಯರನ್ನು ಕೇಳಿ, ಒಂದೇ ಒಂದನ್ನು ಕೊಳ್ಳಿ, ಕೊಂಡ ಮೇಲೆ ಮಾತು ಕಲಿಯಿರಿ. ಇನ್ನು ಪ್ರೇಕ್ಷಕ ಮಹಾಶಯರಲ್ಲಿ ಒಂದು ವಿನಂತಿ: ರಾಯರು ಎಲೆ ಚಾಚಿದರೆ ದಯವಿಟ್ಟು ಒಂದು ತೆಗೆದುಕೊಳ್ಳಿ, ನೋಡಿದ ಹಾಗೆ ಮಾಡಿ, ಅವರು ಹೇಳಿದಾಗ ಬಾಯಿ ತೆರೆಯಿರಿ. ಕಟ್ಟು ಮಾತ್ರ ಕೇಳಬೇಡಿ.