ಪೆಟ್ರೋಲ್ ಮುಳ್ಳಿನ ಅರ್ಥಮೀಮಾಂಸೆ

ಶಬ್ದಕ್ಕೂ ಅರ್ಥಕ್ಕೂ ಏನು ಸಂಬಂಧವೆಂದು ಆಲಂಕಾರಿಕರು ಶತಮಾನಗಟ್ಟಲೆ ಜಗ್ಗಾಡಿದ್ದಾರೆ. ಮುಳ್ಳಿಗೂ ಟ್ಯಾಂಕಿಗೂ ಏನು ಸಂಬಂಧವೆಂದು ಒಬ್ಬರೂ ಕೇಳಿಲ್ಲ. ನೃಪತುಂಗನ ಮಳಖೇಡಕ್ಕೂ ಯಾದಗಿರಿಗೂ ಕಾಲು ಟ್ಯಾಂಕಿಗಿಂತ ಹೆಚ್ಚಿನ ದೂರವಿಲ್ಲವಾದ್ದರಿಂದ ಆ ಹೊಣೆ ಈ ಪ್ರಬಂಧಕಾರನ ತಲೆಗೆ ಬಂದಿದೆ.

ಆಕರ, ಒಂದು ಹಳೆಯ ಅಂಬಾಸಿಡರ್. ಉತ್ತರಪಾರಾದಲ್ಲಿ 2014ರವರೆಗೂ ಮುದ್ರಣ ಕಂಡ ಈ ಕೃತಿಗೆ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯೇ ಮೂಲ. ಪಾಠಾಂತರಗಳು ಮಾತ್ರ ಮಾಲೀಕನಿಗೊಂದು.

ದೋಷಲಕ್ಷಣ: ಹಗಲೆಲ್ಲ ಕಾಲು ಟ್ಯಾಂಕು ತೋರಿಸುವ ಮುಳ್ಳು ಹೆಡ್‌ಲೈಟ್ ಹಾಕಿದೊಡನೆ ಮುಕ್ಕಾಲಿಗೆ ಏರುತ್ತದೆ. ಇಂಡಿಕೇಟರ್ ಹಾಕಿದರೆ ತಾಳ ಹಾಕುತ್ತದೆ. ಡ್ಯಾಶ್‌ಬೋರ್ಡಿನ ದೀಪ ಮಿಣಮಿಣ.

ಯಾದಗಿರಿಯ ಪಂಡಿತರದು ಬಲ್ಬ್‌ವಾದ. ಬಲ್ಬ್ ಬದಲಾಯಿತು, ವಾದ ಮುಗಿಯಿತು.

ಶಹಾಪುರದವರು ಪ್ರಮಾಣವಾದಿಗಳು. ಟ್ಯಾಂಕಿನ ಫ್ಲೋಟಿನಿಂದ ತಂತಿ ಕಿತ್ತು ಬಾಡಿಗೆ ಮುಟ್ಟಿಸಿದರು, ಮುಳ್ಳು ಈ ತುದಿಗೆ. ಬಿಟ್ಟರು, ಆ ತುದಿಗೆ. ಮೀಟರು, ತಂತಿ ಎರಡೂ ನಿರ್ದೋಷಿ, ಆದ್ದರಿಂದ ಫ್ಲೋಟೇ ಅಪರಾಧಿ! ತರ್ಕ ಎಷ್ಟು ಚೆಂದವಿತ್ತೆಂದರೆ ದುಡ್ಡು ಕೊಡುವಾಗಲೂ ಬೇಸರವಾಗಲಿಲ್ಲ. ಆದರೆ ಪರೀಕ್ಷೆ ನಡೆದದ್ದು ಮಟಮಟ ಮಧ್ಯಾಹ್ನ, ದೀಪ ಆರಿಸಿ. ರೋಗ ರಾತ್ರಿಯದು. ಊರಿನ ಗುಡ್ಡಸಾಲಿನ ಆಕಾರದಲ್ಲೇ ಮಲಗಿದ ಬುದ್ಧ ಎಲ್ಲವನ್ನೂ ನೋಡಿಯೂ ಏಳಲಿಲ್ಲ.

ಸುರಪುರ ಮುಟ್ಟಿದಾಗ ಕತ್ತಲಾಗಿತ್ತು, ಮುಳ್ಳು ಮುಕ್ಕಾಲಿನಲ್ಲಿತ್ತು. ಮಿಸ್ತ್ರಿ ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಬ್ಯಾಟರಿಯ ಪ್ಲಸ್ಸಿಗೆ ಕಚ್ಚಿಸಿ, ಇನ್ನೊಂದನ್ನು ಕಾರಿನ ಬಾಡಿಗಿಟ್ಟ: ಝಗ್ಗೆಂದಿತು. ಮೀಟರಿನ ಡಬ್ಬಿಗಿಟ್ಟ: ಕೆಂಪಗೆ ಮಂಕಾಯಿತು.

"ಸರ್, ಇದಕ್ಕ ಅರ್ಥನೇ ಇಲ್ರಿ."

ಇಷ್ಟು ಕಟುವಾದ ವಿಮರ್ಶೆಯನ್ನು ನನ್ನ ಕವನಸಂಕಲನವೂ ಕಂಡಿರಲಿಲ್ಲ.

"ಬಣ್ಣ ಹೊಡದಾವ ಅರ್ಥದ ಮ್ಯಾಲೇ ಹೊಡದಾನ್ರಿ."

ಅಲಂಕಾರ ಹೆಚ್ಚಾಗಿ ಅರ್ಥ ಮುಚ್ಚಿಹೋದದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವ ಲಕ್ಷಣಗ್ರಂಥದಲ್ಲಿದೆ? ಅರ್ಥಿಂಗ್ ಸ್ಕ್ರೂ ಬಿಚ್ಚಿದ. ವಾಷರಿನ ಎರಡೂ ಮಗ್ಗುಲಿಗೆ ಕಾರಿನದೇ ಕೆನೆಬಣ್ಣ, ಅದರಡಿ ತುಕ್ಕು. ದೀಪದ ಕರೆಂಟು ಮರಳುವ ದಾರಿ ಕಟ್ಟಿಹೋಗಿ, ಮುಳ್ಳಿನ ಸುರುಳಿಯಲ್ಲಿ ಕಳ್ಳದಾರಿ ಹಿಡಿದಿತ್ತು. ಪಾಲಿಶ್ ಪೇಪರಿನಿಂದ ಗಸಗಸ ತಿಕ್ಕಿದ. ರೂಪಾಯಿಯಗಲ ಕಬ್ಬಿಣ ಬೆಳ್ಳಗೆ ಹೊಳೆಯಿತು. ಮೀಟರಿನಿಂದ ಬಾಡಿಗೆ ಒಂದು ಗೇಣು ತಂತಿ ಬಿಗಿದ.

ದೀಪ ಹಾಕಿದೆ. ಡ್ಯಾಶ್‌ಬೋರ್ಡು ಬೆಳಗಿತು. ಮುಳ್ಳು ಮೊಟ್ಟಮೊದಲ ಬಾರಿಗೆ ರಾತ್ರಿಯಲ್ಲಿ ನಿಜ ಹೇಳಿತು: ಟ್ಯಾಂಕು ಖಾಲಿ.

ಮಿಸ್ತ್ರಿ ಮಾತಾಡದೆ ಒಳಗಿನಿಂದ ಐದು ಲೀಟರಿನ ಕ್ಯಾನು ತಂದುಕೊಟ್ಟ.